ಪಾತ್ರಕ್ಕೆ ತಕ್ಕ ಮಾಯಾವಸ್ತು

ಕರ್ಣನೆಂದೊಡನೆ ನಮ್ಮ ಕಣ್ಣ ಮುಂದೆ ಕವಚಕುಂಡಲಗಳು ಹೊಳೆಯುತ್ತವೆ. ಅರ್ಜುನನೆಂದರೆ ಗಾಂಡೀವ, ಶಕುಂತಲೆಯೆಂದರೆ ಉಂಗುರ. ವ್ಯಕ್ತಿಯ ಹೆಸರಿನೊಡನೆ ವಸ್ತುವೊಂದು ಹೀಗೆ ಅಂಟಿಕೊಂಡು ಬರುವುದೇಕೆ? ಆ ವಸ್ತುವನ್ನು ತೆಗೆದುಬಿಟ್ಟರೆ ಕಥೆಯಲ್ಲಿ ಉಳಿಯುವುದೇನು? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದುದು ಕಾವ್ಯಮೀಮಾಂಸೆಯ ತರಗತಿಯಲ್ಲಲ್ಲ, ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಗೆಳೆಯರೊಡನೆ ಆಟವಾಡುತ್ತಿದ್ದಾಗ ಎಂದರೆ ಅಧ್ಯಾಪಕವರ್ಗದವರು ಮನ್ನಿಸಬೇಕು.

ಆ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟವಾಯಿತು. ಇಂದು ಪಾತ್ರಾಭಿನಯದ ಆಟಗಳೆಂದು ಕರೆಯುವವುಗಳಿಗೆಲ್ಲ ಅದೇ ಮೇಲ್ಪಂಕ್ತಿ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ತಲೆಗೊಂದು ಪಾತ್ರವನ್ನು ಕಲ್ಪಿಸಿಕೊಳ್ಳುತ್ತಾರೆ. ಒಬ್ಬನು ಕಥಾನಿರ್ವಾಹಕನಾಗಿ ಕಾಡು, ಕೋಟೆ, ಗುಹೆಗಳನ್ನು ಮಾತಿನಲ್ಲಿಯೇ ಕಟ್ಟುತ್ತಾನೆ. ಉಳಿದವರು ತಂತಮ್ಮ ಪಾತ್ರ ಅಲ್ಲಿ ಏನು ಮಾಡುವುದೆಂದು ಹೇಳುತ್ತಾರೆ. ಫಲ ಸಂದೇಹಾಸ್ಪದವಾದಲ್ಲಿ ಇಪ್ಪತ್ತು ಮುಖಗಳ ದಾಳವೊಂದು ತೀರ್ಪು ಕೊಡುತ್ತದೆ. ತಾಳಮದ್ದಳೆಯನ್ನು ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ಅಲ್ಲಿಯೂ ವೇಷವಿಲ್ಲದೆ ಕುಳಿತು, ಆಶುವಾದ ಮಾತಿನಿಂದಲೇ ಪಾತ್ರವನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಆದರೆ ಅಲ್ಲಿ ಪ್ರಸಂಗದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಮುಂದೇನೆಂಬುದು ನಿರ್ವಾಹಕನಿಗೂ ಪೂರ್ತಿಯಾಗಿ ತಿಳಿದಿರುವುದಿಲ್ಲ.

ಇಂಥ ಆಟದಲ್ಲಿ ಪಾತ್ರಕ್ಕೊಂದು ಮಾಯಾವಸ್ತುವನ್ನು ಆರಿಸಿಕೊಳ್ಳುವ ಸಂದರ್ಭ ಬರುವುದುಂಟು. ನಾನು ಮೊದಲ ಸಲ ಮಾಡಿದ ಆಯ್ಕೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ನಿಯಮಪುಸ್ತಕದ ಪಟ್ಟಿಯಲ್ಲಿ ಹೆಚ್ಚು ಪೆಟ್ಟು ಕೊಡುವ ಖಡ್ಗ ಯಾವುದೆಂದು ಹುಡುಕಿ, ಉರಿಯುವ ಅಲಗಿನದೊಂದನ್ನು ನನ್ನ ಯೋಧನ ಸೊಂಟಕ್ಕೆ ಕಟ್ಟಿದೆ. ಅವನು ಗೆದ್ದದ್ದೇನೋ ನಿಜ. ಆದರೆ ಕೆಲವು ತಿಂಗಳ ಮೇಲೆ ಗೆಳೆಯರಿಗೆ ಖಡ್ಗ ನೆನಪಿತ್ತು, ಖಡ್ಗ ಹಿಡಿದವನ ಹೆಸರು ನೆನಪಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ನೆನಪಿರಲಿಲ್ಲ. ಅದು ಸಾಧನವಾಗಿತ್ತು, ಸಂಕೇತವಾಗಿರಲಿಲ್ಲ. ಸಾಧನವು ‘ಇವನು ಏನು ಮಾಡಬಲ್ಲ’ ಎಂಬುದಕ್ಕೆ ಉತ್ತರ. ಸಂಕೇತವು ‘ಇವನು ಯಾರು’ ಎಂಬುದಕ್ಕೆ ಉತ್ತರ.

ಕರ್ಣನ ಕವಚವನ್ನೇ ನೋಡಿ. ಅವನ ಮೈಯಲ್ಲಿದ್ದಷ್ಟು ಕಾಲ ಅದು ರಕ್ಷೆ ಮಾತ್ರ. ಬ್ರಾಹ್ಮಣವೇಷದ ಇಂದ್ರ ಬೇಡಲು ಬರುವನೆಂದು ಸೂರ್ಯನು ಮುಂಚೆಯೇ ಎಚ್ಚರಿಸಿದ್ದರೂ ಅದನ್ನು ಮೈಯಿಂದ ಕೊಯ್ದು ಕೊಟ್ಟನಲ್ಲ, ಆ ಗಳಿಗೆಯಲ್ಲಿ ಅದು ಅವನ ಸ್ವಭಾವವೇ ಆಯಿತು. ಬದಲಿಗೆ ಬಂದ ಶಕ್ತ್ಯಾಯುಧವೋ ಒಮ್ಮೆ ಮಾತ್ರ ಉಪಯೋಗಕ್ಕೆ ಬರುವಂಥದು. ಅರ್ಜುನನಿಗೆಂದು ಕಾದಿರಿಸಿದ್ದು ಘಟೋತ್ಕಚನ ಮೇಲೆ ವೆಚ್ಚವಾಗಿಹೋಯಿತು. ಪಡೆದುದಕ್ಕಿಂತ ಕಳೆದುಕೊಂಡುದರಿಂದಲೇ ಕರ್ಣ ನಮಗೆ ಹೆಚ್ಚು ಪರಿಚಿತನು.

ಶಕುಂತಲೆಯ ಉಂಗುರದ ಕಥೆ ಇನ್ನೂ ಬೋಧಪ್ರದವಾದುದು. ಮಹಾಭಾರತದ ಆದಿಪರ್ವದಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ ಅರಿಯೆನೆನ್ನುತ್ತಾನೆ. ಕಡೆಗೆ ಅಶರೀರವಾಣಿ ಸಾಕ್ಷಿ ನುಡಿಯಬೇಕಾಗುತ್ತದೆ. ಕಾಳಿದಾಸನು ತನ್ನ ನಾಟಕದಲ್ಲಿ ಶಾಪವನ್ನೂ ಉಂಗುರವನ್ನೂ ತಂದನು. ಆ ಒಂದು ಸಣ್ಣ ವಸ್ತುವಿನಿಂದ ಸುಳ್ಳುಗಾರನಾಗಿದ್ದ ಅರಸನು ಮರೆತವನಾದನು; ಮೀನಿನ ಹೊಟ್ಟೆಯಿಂದ ಅದು ಮರಳಿ ಬಂದಾಗ ಪಶ್ಚಾತ್ತಾಪದಲ್ಲಿ ಬೆಂದವನಾದನು. ಆ ಉಂಗುರದಿಂದ ಒಬ್ಬ ಶತ್ರುವೂ ಸಾಯಲಿಲ್ಲ. ಆದರೆ ಅದು ಒಬ್ಬ ಮನುಷ್ಯನನ್ನೇ ಬದಲಾಯಿಸಿತು.

ಪಶ್ಚಿಮದಲ್ಲಿಯೂ ಉಂಗುರವೊಂದು ಇಂಥದೇ ಕೆಲಸ ಮಾಡಿದೆ. ಟೋಲ್ಕೀನ್ ೧೯೩೭ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ನಲ್ಲಿ ತೊಟ್ಟವರನ್ನು ಅದೃಶ್ಯರನ್ನಾಗಿಸುವ ಉಂಗುರವಿದೆ. ಮೊದಲ ಮುದ್ರಣದಲ್ಲಿ ಅದರ ಒಡೆಯನಾದ ಗಾಲಮ್, ಒಗಟಿನ ಪಂದ್ಯದಲ್ಲಿ ಸೋತರೆ ಅದನ್ನೇ ಬಹುಮಾನವಾಗಿ ಕೊಡುವೆನೆಂದು ಒಪ್ಪುತ್ತಾನೆ. ಮುಂದೆ ೧೯೫೪-೫೫ರಲ್ಲಿ ಹೊರಬಂದ ದೊಡ್ಡ ಕಥೆಯನ್ನು ಬರೆಯುವಾಗ ಆ ಉಂಗುರವು ತನ್ನ ಒಡೆಯನನ್ನೇ ಆಳುವ ಕೇಡಿನ ವಸ್ತುವಾಗಿ ಬೆಳೆಯಿತು. ಅಂಥದನ್ನು ಯಾರು ತಾನೆ ಪಂದ್ಯಕ್ಕೆ ಒಡ್ಡಿಯಾರು? ಆದುದರಿಂದ ೧೯೫೧ರ ಆವೃತ್ತಿಯಲ್ಲಿ ಗ್ರಂಥಕರ್ತರು ಆ ಅಧ್ಯಾಯವನ್ನೇ ತಿದ್ದಿ ಬರೆದರು. ವಸ್ತುವಿನ ಅರ್ಥ ಬದಲಾದರೆ ಅದನ್ನು ಹಿಡಿದವನ ನಡತೆಯೂ ಬದಲಾಗಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇವನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು, ಆಡಲು ಕೂರುವ ಮುನ್ನ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದು: ವಸ್ತು ಯಾರಿಂದ ಬಂತು? ಅಂಗಡಿಯಲ್ಲಿ ಕೊಂಡ ಖಡ್ಗಕ್ಕೆ ಬೆಲೆ ಉಂಟು, ಕಥೆಯಿಲ್ಲ. ತಾಯಿ ಕೊಟ್ಟದ್ದು, ಗುರುವಿನಿಂದ ಕದ್ದದ್ದು, ಸತ್ತ ಗೆಳೆಯನ ಕೈಯಿಂದ ತೆಗೆದುಕೊಂಡದ್ದು ಎಂದಾಗ ಅದರ ಹಿಂದೆ ಮನುಷ್ಯರು ಬಂದು ನಿಲ್ಲುತ್ತಾರೆ.

ಎರಡನೆಯದು: ಪಾತ್ರದ ಯಾವ ಕೊರತೆಯನ್ನು ಅದು ಮುಟ್ಟುತ್ತದೆ? ಬಲಶಾಲಿಗೆ ಇನ್ನಷ್ಟು ಬಲ ಕೊಟ್ಟರೆ ಅಂಕಿ ಏರುತ್ತದೆಯೇ ಹೊರತು ಪಾತ್ರ ಬೆಳೆಯುವುದಿಲ್ಲ. ಹೇಡಿಯ ಕೈಗೊಂದು ರಣಕಹಳೆ, ಮರೆಗುಳಿಯ ಬೆರಳಿಗೊಂದು ಉಂಗುರ, ಇವು ಕಥೆಯನ್ನು ತಾವಾಗಿಯೇ ಎಳೆದು ತರುತ್ತವೆ.

ಮೂರನೆಯದು: ಅದು ಏನನ್ನು ಕೇಳುತ್ತದೆ? ಮೈಕೆಲ್ ಮೂರ್‌ಕಾಕ್ ಎಂಬ ಆಂಗ್ಲ ಲೇಖಕರು ೧೯೬೧ರಿಂದ ಬರೆದ ಕಥೆಗಳಲ್ಲಿ ಎಲ್ರಿಕ್ ಎಂಬ ದುರ್ಬಲ ದೇಹದ ದೊರೆಯಿದ್ದಾನೆ. ಅವನ ಕರಿಯ ಖಡ್ಗವು ಇತರರ ಪ್ರಾಣವನ್ನು ಹೀರಿ ಅವನಿಗೆ ತ್ರಾಣ ಕೊಡುತ್ತದೆ. ಆದರೆ ಅವನು ಪ್ರೀತಿಸಿದವರನ್ನೂ ಅದು ಬಿಡುವುದಿಲ್ಲ. ಎಲ್ಲರ ಬೆಲೆಯೂ ಇಷ್ಟು ಘೋರವಾಗಿರಬೇಕೆಂದಿಲ್ಲ. ಆದರೆ ಬೆಲೆಯೇ ಇಲ್ಲದ ವರಕ್ಕೆ ರುಚಿಯೂ ಇಲ್ಲ.

ನಾಲ್ಕನೆಯದು: ಅದನ್ನು ಬಿಡುವುದು ಹೇಗೆ? ಮಹಾಪ್ರಸ್ಥಾನಕ್ಕೆ ಹೊರಟ ಅರ್ಜುನನು ಎಲ್ಲವನ್ನೂ ತೊರೆದಿದ್ದರೂ ಗಾಂಡೀವವನ್ನು ಬಿಡಲಾರದೆ ಹೊತ್ತು ನಡೆಯುತ್ತಾನೆ. ಅಗ್ನಿಯು ಎದುರಿಗೆ ಬಂದು, ವರುಣನದು ವರುಣನಿಗೆ ಸೇರಲಿ ಎಂದು ಕೇಳಿದ ಮೇಲೆಯೇ ಅದನ್ನು ನೀರಿಗೆ ಹಾಕುವುದು. ಕೊಡುವಾಗಿನ ಸಂಭ್ರಮಕ್ಕಿಂತ ಬಿಡುವಾಗಿನ ಕಷ್ಟ ಪಾತ್ರವನ್ನು ಚೆನ್ನಾಗಿ ತೋರಿಸುತ್ತದೆ.

ಆಟದ ನಿಯಮಗಳೂ ಈ ವಿಚಾರಕ್ಕೆ ಒಂದಿಷ್ಟು ಬೆಂಬಲ ಕೊಡುತ್ತವೆ. ೨೦೧೪ರ ಐದನೆಯ ಆವೃತ್ತಿಯ ಪ್ರಕಾರ, ಹೆಚ್ಚು ಪ್ರಭಾವವುಳ್ಳ ಅನೇಕ ಮಾಯಾವಸ್ತುಗಳನ್ನು ಸುಮ್ಮನೆ ಕೈಗೆತ್ತಿಕೊಂಡರೆ ಸಾಲದು. ವಿಶ್ರಾಂತಿಯ ಹೊತ್ತಿನಲ್ಲಿ ಅದರ ಮೇಲೆಯೇ ಮನಸ್ಸಿಟ್ಟು ನಂಟು ಬೆಳೆಸಬೇಕು. ಹೀಗೆ ಒಬ್ಬನು ಸಾಮಾನ್ಯವಾಗಿ ಒಂದೇ ಕಾಲಕ್ಕೆ ಮೂರಕ್ಕಿಂತ ಹೆಚ್ಚು ವಸ್ತುಗಳೊಡನೆ ನಂಟು ಇಟ್ಟುಕೊಳ್ಳಲಾರನು. ನನ್ನ ಮಟ್ಟಿಗೆ ಹೇಳುವುದಾದರೆ ಸಂಕೇತವಾಗಿ ಒಂದೇ ಸಾಕು. ಹತ್ತು ಆಭರಣಗಳ ನಡುವೆ ಮುಖ ಕಾಣುವುದಿಲ್ಲ.

ಇನ್ನು ನಮ್ಮ ಕೋಣೆಯಲ್ಲಿಯೇ ನಡೆದ ಒಂದು ಪ್ರಸಂಗ. ಗುಂಪಿನಲ್ಲಿ ಎಲ್ಲರಿಗಿಂತ ಕಡಮೆ ಮಾತಿನ ಗೆಳೆಯನೊಬ್ಬನು ಆರಿಸಿಕೊಂಡದ್ದು ಒಂದು ಹಳೆಯ ಲಾಂದ್ರ. ಅವನ ಪಾತ್ರ, ‘ನಾಳೆ ಬರುತ್ತೇನಮ್ಮ’ ಎಂದು ತಾಯಿಗೆ ಸುಳ್ಳು ಹೇಳಿ ಊರು ಬಿಟ್ಟ ಹುಡುಗ. ದಾರಿಗಿರಲಿ ಎಂದು ಆಕೆ ಕೊಟ್ಟ ಲಾಂದ್ರವದು. ಎಣ್ಣೆಯಿಲ್ಲದೆ ಉರಿಯುತ್ತದೆ, ಆದರೆ ಹಿಡಿದವನು ಇನ್ನೊಂದು ಸುಳ್ಳಾಡಿದರೆ ಆರುತ್ತದೆ, ಸುಳ್ಳು ಹೇಳಿದವರ ಮುಂದೆ ಹೋಗಿ ನಿಜವನ್ನು ಒಪ್ಪಿಕೊಂಡರೆ ಮಾತ್ರ ಮತ್ತೆ ಹತ್ತುತ್ತದೆ. ಇಷ್ಟೇ ಅದರ ಮಹಿಮೆ. ನಾವೆಲ್ಲ ನಕ್ಕೆವು. ನಿರ್ವಾಹಕನು ಮಾತ್ರ ನಗಲಿಲ್ಲ.

ಕೆಲವು ವಾರಗಳ ತರುವಾಯ ನಮ್ಮ ತಂಡ ಗಾಡಿಯ ಹುಲ್ಲಿನಡಿ ಒಂದು ಮಗುವನ್ನು ಬಚ್ಚಿಟ್ಟುಕೊಂಡು ಕೋಟೆಯ ಬಾಗಿಲಿಗೆ ಬಂತು. ಕಾವಲಿನವನು ಲಾಂದ್ರ ಹಿಡಿದವನನ್ನೇ ಕೇಳಿದನು: ‘ಒಳಗೆ ಯಾರಿದ್ದಾರೆ?’ ನಿಜ ಹೇಳಿದರೆ ಮಗು ಹೋಗುತ್ತದೆ. ಸುಳ್ಳು ಹೇಳಿದರೆ ಮುಂದಿನ ದಾರಿಯೆಲ್ಲ ಕತ್ತಲೆ. ದಾಳ ಉರುಳಿಸಲು ಅಲ್ಲಿ ಏನೂ ಇರಲಿಲ್ಲ. ಗೆಳೆಯನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, ಕೊನೆಗೆ, ‘ಯಾರೂ ಇಲ್ಲ, ಹುಲ್ಲು ಮಾತ್ರ’ ಎಂದನು. ನಿರ್ವಾಹಕನು ಮೆಲ್ಲಗೆ, ‘ದೀಪ ಆರಿತು’ ಎಂದನು. ಆ ಮೇಲೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆ ರಾತ್ರಿ ಊಟದ ಮನೆಯಲ್ಲಿ, ಅವನು ಮಾಡಿದ್ದು ಸರಿಯೇ ತಪ್ಪೇ ಎಂದು ನಾವು ಜಗಳವನ್ನೇ ಆಡಿದೆವು. ನನ್ನ ಉರಿಯುವ ಖಡ್ಗದ ವಿಷಯವಾಗಿ ಯಾರೂ ಎಂದೂ ಜಗಳವಾಡಿರಲಿಲ್ಲ.

ಎಚ್ಚರಿಕೆಯ ಮಾತೂ ಒಂದೆರಡುಂಟು. ವಸ್ತುವಿನ ಗುಣ, ಮಿತಿ, ಬೆಲೆಗಳನ್ನು ನಿರ್ವಾಹಕನೊಡನೆ ಮೊದಲೇ ಮಾತಾಡಿಕೊಳ್ಳಬೇಕು. ಅವನಿಗೆ ತಿಳಿಯದ ಸಂಕೇತ ಕಥೆಯೊಳಗೆ ಬರಲಾರದು. ಅದರ ಶಕ್ತಿ ಉಳಿದವರ ಪಾಲಿನ ಕೆಲಸವನ್ನು ಕಸಿಯುವಷ್ಟು ದೊಡ್ಡದಾಗಬಾರದು. ಅದರ ಅರ್ಥವನ್ನು ಕುಳಿತಲ್ಲಿಯೇ ವಿವರಿಸುತ್ತ ಹೋಗಲೂ ಬಾರದು; ಆಟವೇ ಅದನ್ನು ಹೇಳಲಿ.

ಆ ಗೆಳೆಯನ ಹುಡುಗ ಕಾವಲಿನವನ ಬಳಿಗೆ ಮರಳಿ ಹೋಗಲಿಲ್ಲ. ಹೋಗಿದ್ದರೆ ಮಗುವಿನ ಗತಿಯೇನು? ಹಾಗೆಂದು ಲಾಂದ್ರವನ್ನು ಎಸೆಯಲೂ ಇಲ್ಲ. ಕಥೆ ಮುಗಿಯುವವರೆಗೂ ಆರಿದ ಲಾಂದ್ರವನ್ನು ಕೈಯಲ್ಲಿ ಹಿಡಿದೇ ನಡೆದನು. ಅವನ ಹೆಸರು ನಮ್ಮ ಗುಂಪಿನಲ್ಲಿ ಎಲ್ಲರಿಗೂ ಇಂದಿಗೂ ನೆನಪಿದೆ.