ಹಬ್ಬದೂಟವೂ ಮಿತಾಹಾರವೂ

ಹಬ್ಬಗಳು ಸಮೀಪಿಸಿದೊಡನೆ "ಮೈ ಬಂದೀತು" ಎಂದು ಭಕ್ಷ್ಯಗಳಿಗೆ ಅಂಜುವವರು ಈಗ ನಮ್ಮ ಮನೆಗಳಲ್ಲಿಯೂ ಉಂಟು. ಅಷ್ಟು ಅಂಜಬೇಕಾಗಿಲ್ಲ. ನಮ್ಮ ದೊಡ್ಡ ಹಬ್ಬಗಳು ಬಹುಪಾಲು ಚಾತುರ್ಮಾಸ್ಯದಲ್ಲಿಯೇ ಬರುವುದರಿಂದ ಭೋಗದೊಳಗೇ ನಿಯಮವಡಗಿದೆ. ವ್ರತಸ್ಥರ ಗಣೇಶ ಚತುರ್ಥಿಯ ಊಟದಲ್ಲಿ ಮೊಸರಿಲ್ಲ, ನವರಾತ್ರಿಯ ಪಾಯಸದಲ್ಲಿ ಹಾಲಿಲ್ಲ, ದೀಪಾವಳಿಯ ಹೋಳಿಗೆಯಲ್ಲಿ ಬೇಳೆಯ ಹೂರಣವಿಲ್ಲ. ನಡುವೆ ಏಕಾದಶಿಯ ಉಪವಾಸ. ವಾಗ್ಭಟರು ಅಷ್ಟಾಂಗಹೃದಯದಲ್ಲಿ ಹೊಟ್ಟೆಯ ಅರ್ಧಭಾಗವನ್ನು ಅನ್ನಕ್ಕೂ ಕಾಲುಭಾಗವನ್ನು ದ್ರವಕ್ಕೂ ವಿಧಿಸಿ, ಉಳಿದುದನ್ನು ವಾಯುವಿಗೆ ಬಿಟ್ಟಿರುವರು. ಹೋಳಿಗೆಯೂ ಆ ಅರ್ಧದೊಳಗಿನದೇ. ಎರಡು ಹಾಕಿಸಿಕೊಂಡವರು ಅನ್ನವನ್ನು ಅಷ್ಟಕ್ಕೆ ತಗ್ಗಿಸಿದರಾಯಿತು. ಏಕಾದಶಿಯಂದು ಫಲಾಹಾರವೆಂದು ಸಾಬೂದಾನಿಯನ್ನು ಹೊಟ್ಟೆ ಬಿರಿಯ ತಿನ್ನುವವರ ವಿಷಯ ಬೇರೆ! ಸಕ್ಕರೆ ಕಾಯಿಲೆಯುಳ್ಳ ಹಿರಿಯರು "ಸಾಕು" ಎಂದಾಗಲೂ ಒತ್ತಾಯದಿಂದ ಬಡಿಸುವುದು ಉಪಚಾರವಲ್ಲ. ನಮ್ಮ ತೀರ್ಥರೂಪರು ಪಂಕ್ತಿಯಲ್ಲಿ ಅಂಥವರ ಎಲೆಗೆ ಹೋಳಿಗೆಯ ಚೂರೊಂದನ್ನಿಟ್ಟು, ಕೈಮುಗಿದು ಮುಂದೆ ನಡೆಯುತ್ತಿದ್ದರು.