ಡ್ರೈ ಕ್ಲೀನಿಂಗ್ ಮತ್ತು ಕುಡಿಯುವ ನೀರು

ಡ್ರೈ ಕ್ಲೀನಿಂಗ್ ಎಂಬ ಹೆಸರೇ ಸುಳ್ಳು. ಬಟ್ಟೆಯನ್ನು ನೀರಿನ ಬದಲು ಪರ್‌ಕ್ಲೋರೋಎಥಿಲೀನ್ ಎಂಬ ದ್ರಾವಕದಲ್ಲಿ ಅದ್ದಿ ತೊಳೀತಾರೆ. ಇದು ನೀರಿಗಿಂತ ಭಾರ. ನೆಲಕ್ಕೆ ಬಿದ್ದರೆ ಅಂತರ್ಜಲ ಸೇರಿ, ಇನ್ನೂ ಕೆಳಕ್ಕೆ ಇಳಿಯುತ್ತದೆ. ಬಣ್ಣವಿಲ್ಲ, ಕಣ್ಣಿಗೆ ಕಾಣದು, ಕ್ಯಾನ್ಸರ್ ತರಬಹುದು.

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕ್ಯಾಂಪ್ ಲೆಜೂನ್ ಎಂಬ ಸೈನಿಕ ನೆಲೆಯಿದೆ. ಅದರ ಹೊರಗಿನ ಡ್ರೈ ಕ್ಲೀನಿಂಗ್ ಅಂಗಡಿಯೊಂದರ ತ್ಯಾಜ್ಯ, ಸೈನಿಕ ಕುಟುಂಬಗಳಿಗೆ ನೀರು ಕೊಡುತ್ತಿದ್ದ ಬಾವಿಗೆ ಇಳಿಯಿತು. ಸುಳಿವು ಸಿಕ್ಕಿದ್ದು 1982ರಲ್ಲಿ. ಬಾವಿ ನಿಲ್ಲಿಸಿದ್ದು 1985ರಲ್ಲಿ! ಅಲ್ಲೀತನಕ ಮಕ್ಕಳೂ ಅದನ್ನೇ ಕುಡಿದರು. ಲೀಟರಿಗೆ 215 ಮೈಕ್ರೋಗ್ರಾಂ ತನಕ ಸಿಕ್ಕಿತ್ತು. ಅಲ್ಲಿನ ಇಂದಿನ ಮಿತಿ 5.

ನಾನು ಕಾಮರ್ಸ್‌ನವನು, ಲೆಕ್ಕ ಕೇಳ್ತೇನೆ: ಅಂಗಡಿಯ ಖಾತೆ ಪುಸ್ತಕದಲ್ಲಿ ಈ ಬಾವಿ ಯಾವ ಖರ್ಚಿಗೆ? ಗಿರಾಕಿ ಕೊಟ್ಟ ದರದಲ್ಲಂತೂ ಅದು ಸೇರಿರಲಿಲ್ಲ. ನೊಂದವರಿಗೆ ಪರಿಹಾರಕ್ಕಾಗಿ ಕೋರ್ಟಿನ ಬಾಗಿಲು ತೆರೆದ ಕಾನೂನು ಬಂದದ್ದು 2022ರಲ್ಲಿ.