ಚಳಿಗಾಲದ ಊಟ, ಮನದ ಗೆಲುವು

ಮಾರ್ಗಶಿರ ಮಾಸ. ಚಳಿ ಜೋರಾಗಿತ್ತು. ಸಂಜೆ ಆರಕ್ಕೇ ಕತ್ತಲು. ನಮ್ಮ ಕಲಿಕಾ ಕೇಂದ್ರಕ್ಕೆ ಬರುವವರು ಕಡಿಮೆ ಆಗಿದ್ದರು. ಒಬ್ಬ ಅಕ್ಕ ನಾಲ್ಕು ದಿನದಿಂದ ಬಂದಿರಲಿಲ್ಲ. ನಾವೆಲ್ಲ ಕೂಡಿ ಅವರ ಮನೆಗೆ ಹೋದೆವು. ಅವರು ಒಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದರು.

“ಯಾಕ್ರಿ ಅಕ್ಕಾ, ಆರಾಮ ಇಲ್ಲೇನ್ರಿ?”

“ಜ್ವರ ಇಲ್ಲ, ನೆಗಡಿ ಇಲ್ಲರಿ ಅಕ್ಕೋರ. ಯಾವುದಕ್ಕೂ ಮನಸ್ಸೇ ಇಲ್ಲ. ಮೈ ಜಡ ಆಗ್ಯದ. ಮಕ್ಕಳು ಮಾತಾಡಿಸಿದ್ರ ಸಿಟ್ಟು ಬರ್ತದ. ಒಬ್ಬಾಕಿನ ಕೂತು ಅಳಬೇಕು ಅನಸ್ತದ.”

“ಇವತ್ತು ಏನು ಊಟ ಮಾಡೀರಿ?”

“ಮುಂಜಾನೆ ಚಾ ಕುಡದೆ. ಮಧ್ಯಾಹ್ನ ಎಲ್ಲಾರೂ ಉಂಡ ಮ್ಯಾಲ ಅರ್ಧ ರೊಟ್ಟಿ ಉಳದಿತ್ತು. ಖಾರ ಹಚ್ಚಿಕೊಂಡು ತಿಂದೆ. ಮತ್ತ ಚಾ ಕುಡದೆ.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮೆಲ್ಲರ ಊಟವೂ ಹೆಚ್ಚು ಕಡಿಮೆ ಹೀಗೇ ಇತ್ತು. ಆ ದಿನದ ಪಾಠವನ್ನು ಅವರ ಪಡಸಾಲೆಯಲ್ಲೇ ಮಾಡಿದೆವು.

ಚಳಿಗೂ ಮನಸ್ಸಿಗೂ ಏನು ಸಂಬಂಧ?

ಚಳಿಗಾಲದಲ್ಲಿ ಹಗಲು ಚಿಕ್ಕದು. ನಮ್ಮ ವಿಜಯಪುರದ ಕಡೆ ಜೂನ್ ತಿಂಗಳಲ್ಲಿ ಹಗಲು ಸುಮಾರು 13 ಗಂಟೆ. ಡಿಸೆಂಬರಿನಲ್ಲಿ ಸುಮಾರು 11 ಗಂಟೆ. ಬಿಸಿಲು ಕಡಿಮೆ ಆದರೆ ಕೆಲವರ ಮನಸ್ಸು ಬಾಡುತ್ತದೆ. ನಾರ್ವೆ ಎಂಬ ದೂರದ ದೇಶವಿದೆ. ಅಲ್ಲಿಯ ಟ್ರಾಮ್ಸೊ ಊರಿನಲ್ಲಿ ಚಳಿಗಾಲದ ಸುಮಾರು ಎರಡು ತಿಂಗಳು ಸೂರ್ಯ ಮೂಡುವುದೇ ಇಲ್ಲ. ಅಂಥ ದೇಶಗಳಲ್ಲಿ ಚಳಿಗಾಲದ ಬೇಸರವನ್ನು ಒಂದು ಕಾಯಿಲೆ ಎಂದೇ ವೈದ್ಯರು ಗುರುತಿಸಿದ್ದಾರೆ.

ನಮಗೆ ಅಷ್ಟು ಕತ್ತಲಿಲ್ಲ. ದಿನವೂ ಬಿಸಿಲು ಬೀಳುತ್ತದೆ. ಹಾಗಾದರೆ ನಮ್ಮ ಮೈ ಮನಸ್ಸು ಯಾಕೆ ಜಡ? ಬಿಸಿಲಿನ ಜೊತೆ ನಮ್ಮ ತಾಟನ್ನೂ ನೋಡಬೇಕು.

ಹಸಿದ ಹೊಟ್ಟೆ, ಬಾಡಿದ ಮನಸ್ಸು

ಮಿದುಳು ಕೆಲಸ ಮಾಡಲು ಸಕ್ಕರೆಯ ಅಂಶ ಬೇಕು. ಅದು ಊಟದಿಂದ ರಕ್ತಕ್ಕೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆ ಸುತ್ತುತ್ತದೆ, ಕೈ ನಡುಗುತ್ತದೆ, ಸಿಟ್ಟು ಬರುತ್ತದೆ. ಆಗ ನಾವು “ಇವಳ ಸ್ವಭಾವವೇ ಹಾಗೆ” ಅನ್ನುತ್ತೇವೆ. ಸ್ವಭಾವ ಅಲ್ಲ, ಅದು ಹಸಿವು ಇರಬಹುದು.

ಇನ್ನೊಂದು ಕಾರಣ ರಕ್ತಹೀನತೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಆದರೆ ದಣಿವು, ಉಬ್ಬಸ, ಬೇಸರ ಬರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಮಾತು ಹೇಳುತ್ತದೆ. ಭಾರತದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಕೊನೆಗೆ ಉಣ್ಣುವವರು ಯಾರು? ಉಳಿದದ್ದು ತಿನ್ನುವವರು ಯಾರು? ನಾವೇ ಅಲ್ಲವೇ!

ಎಳ್ಳಮವಾಸ್ಯೆಯ ಬುತ್ತಿ

ನಮ್ಮ ಜೊತೆ ಬಂದ ಆಯಿ ಒಬ್ಬರು ನಕ್ಕು ಕೇಳಿದರು: “ಎಳ್ಳ ಅಮಾಸಿ ದಿನ ಹೊಲದಾಗ ಕೂತು ಉಂಡಾಗ ಯಾರಿಗರೆ ಬ್ಯಾಸರ ಬಂದದೇನ್ರವಾ?”

“ಇಲ್ಲ, ಇಲ್ಲ” ಎಂದು ಎಲ್ಲರೂ ಕೂಗಿದರು. ಯಾಕೆ ಬರುವುದಿಲ್ಲ? ನಾವು ಲೆಕ್ಕ ಹಾಕಿದೆವು.

ಆ ದಿನ ಬುತ್ತಿಯಲ್ಲಿ ಸಜ್ಜೆಯ ಕಡುಬು, ಸಜ್ಜೆ ರೊಟ್ಟಿ ಇರುತ್ತವೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಕಬ್ಬಿಣದ ಅಂಶ 1 ಮಿಲಿಗ್ರಾಂಗಿಂತ ಕಡಿಮೆ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ. ಭಜ್ಜಿ ಪಲ್ಯದಲ್ಲಿ ಮೆಂತ್ಯ ಸೊಪ್ಪು, ಹಸಿ ಕಡಲೆ, ತೊಗರಿ ಕಾಳು, ಶೇಂಗಾ ಎಲ್ಲ ಕೂಡುತ್ತವೆ. ಕಾಳಿನಿಂದ ಮೈಗೆ ಬಲ. ಸೊಪ್ಪಿನಿಂದ ರಕ್ತಕ್ಕೆ ಬಲ. ಎಳ್ಳು, ಗುರೆಳ್ಳು, ಅಗಸೆ ಹಿಂಡಿಯಿಂದ ಒಳ್ಳೆಯ ಜಿಡ್ಡು ಸಿಗುತ್ತದೆ. ಮೇಲೆ ಮೊಸರು.

ಇಷ್ಟೇ ಅಲ್ಲ. ಚರಗ ಚೆಲ್ಲಿದ ಮೇಲೆ ಬಿಸಿಲಲ್ಲಿ ಕೂತು ಉಣ್ಣುತ್ತೇವೆ. ಎಲ್ಲರ ಜೊತೆ ಉಣ್ಣುತ್ತೇವೆ. ಹೊಟ್ಟೆ ತುಂಬ ಉಣ್ಣುತ್ತೇವೆ. “ಇನ್ನೊಂದು ಕಡುಬು ತಗೋವಾ” ಎಂದು ನಮಗೂ ಒಬ್ಬರು ಬಡಿಸುತ್ತಾರೆ.

ಹಬ್ಬ ವರ್ಷಕ್ಕೆ ಒಂದೇ ದಿನ. ಆದರೆ ಆ ಊಟದ ಗುಣ ದಿನವೂ ಇರಬಹುದಲ್ಲ?

ದಿನಾಲೂ ಮಾಡಬಹುದಾದದ್ದು

1. ಮುಂಜಾನೆ ಬರೀ ಚಹಾ ಬೇಡ. ರೊಟ್ಟಿ ಅಥವಾ ಗಂಜಿ ಉಂಡು ಹೊಲಕ್ಕೆ ಹೋಗೋಣ.

2. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇರಲಿ.

3. ಪಲ್ಯಕ್ಕೆ ನಿಂಬೆಹಣ್ಣು ಹಿಂಡೋಣ. ಪೇರಲ ಹಣ್ಣು, ನೆಲ್ಲಿಕಾಯಿ ತಿನ್ನೋಣ. ಇವು ಕಬ್ಬಿಣದ ಅಂಶ ಮೈಗೆ ಹತ್ತಲು ಸಹಾಯ ಮಾಡುತ್ತವೆ.

4. ಮೆಂತ್ಯ, ರಾಜಗಿರಿ, ನುಗ್ಗೆ ಸೊಪ್ಪು ಹಿತ್ತಲಲ್ಲಿ ಬೆಳೆಯೋಣ. ಹೆಸರು, ಮಡಕಿ ಕಾಳು ಮೊಳಕೆ ಕಟ್ಟೋಣ.

5. ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ. ಆದರೂ ನೀರು ಕುಡಿಯೋಣ.

6. ಅಂಗಳದ ಬಿಸಿಲಲ್ಲಿ ಕೂತು ಕಾಳು ಸುಲಿಯೋಣ. ಕೆಲಸವೂ ಆಗುತ್ತದೆ, ಮಾತೂ ಆಗುತ್ತದೆ.

7. ಎಲ್ಲರ ಜೊತೆ ನಮ್ಮ ತಾಟನ್ನೂ ಹಾಕೋಣ. ಮನೆಯವರಿಗೆ ನಾಚದೆ ಹೇಳೋಣ.

ಊಟ ಒಂದೇ ಸಾಲದಿದ್ದರೆ

ಊಟ ಮನಸ್ಸಿಗೆ ಬಲ ಕೊಡುತ್ತದೆ. ಆದರೆ ಎಲ್ಲ ದುಃಖಕ್ಕೂ ಊಟವೇ ಮದ್ದಲ್ಲ. ಎರಡು ವಾರ ಕಳೆದರೂ ಬೇಸರ ಹೋಗಲಿಲ್ಲವೇ? ನಿದ್ದೆ ಇಲ್ಲವೇ? ಬದುಕೇ ಬೇಡ ಅನಿಸುತ್ತದೆಯೇ? ಬದುಕು ಬೇಡ ಅನಿಸಿದರೆ ಎರಡು ವಾರ ಕಾಯಬಾರದು. ಆ ದಿನವೇ ಯಾರಿಗಾದರೂ ಹೇಳಬೇಕು. ಆಸ್ಪತ್ರೆಗೆ ಹೋಗಬೇಕು. 14416 ನಂಬರಿಗೆ ಫೋನ್ ಮಾಡಬಹುದು. ಇದು ಸರ್ಕಾರದ ಟೆಲಿ ಮಾನಸ್ ಸೇವೆ. 2022ರಲ್ಲಿ ಶುರುವಾಯಿತು. ಹಣ ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಅಕ್ಕನನ್ನು ಮರುದಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ ಆಯಿತು. ಬಸುರಿ ಅಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು. ಅವರಿಗೆ 8 ಇತ್ತು. ಕಬ್ಬಿಣದ ಗುಳಿಗೆ ಕೊಟ್ಟರು. ಮನೆಗೆ ಬಂದಾಗ ಅವರ ಮಗಳು ಅವ್ವನ ತಾಟು ತಂದು ತನ್ನ ತಾಟಿನ ಪಕ್ಕ ಇಟ್ಟಳು. “ಅವ್ವಾ, ನೀನೂ ನಮ್ಮ ಕೂಡ ಕೂಡು” ಅಂದಳು.

ಅವರ ಮನಸ್ಸು ಒಂದೇ ದಿನಕ್ಕೆ ಹಗುರ ಆಗಲಿಲ್ಲ. ಗುಳಿಗೆ ಬಿಡಲಿಲ್ಲ, ಊಟ ಬಿಡಲಿಲ್ಲ. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಪಾಟಿ ಹಿಡಿದು ಕೇಂದ್ರಕ್ಕೆ ಬಂದರು. ಆ ದಿನ ಅವರು ಬರೆದ ಮೊದಲ ಪದ: ಊಟ.

ಮಾತಾಡೋಣ

1. ನಮ್ಮ ಮನೆಯಲ್ಲಿ ಕೊನೆಗೆ ಯಾರು ಉಣ್ಣುತ್ತಾರೆ? ಯಾಕೆ?

2. ಚಳಿಗಾಲದಲ್ಲಿ ನಮ್ಮ ಹೊಲದಲ್ಲಿ ಯಾವ ಸೊಪ್ಪು, ಯಾವ ಕಾಳು ಸಿಗುತ್ತವೆ?

ಬರೆಯೋಣ

ಇವತ್ತು ನಾನು ಉಂಡದ್ದು: ____________

ನಾಳೆ ನಾನು ಉಣ್ಣುವುದು: ____________